ನಳ ಬಂತ್ರೋ ಎಂದು ಕೂಗುವ ಕೆಲಸ

ಇವತ್ತು ಬೆಳಿಗ್ಗೆ ಸೇಡಂನ ನನ್ನ ಬಾಡಿಗೆ ಕೋಣೆಯ ಅಂಗಳದಲ್ಲಿ ನಳ ಕೆಮ್ಮಿತು. ನೀರಿಗಿಂತ ಮೊದಲು ಗಾಳಿ ಬರುತ್ತದಲ್ಲ, ಆ ಸದ್ದು. ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಬಾಗಿಲಿಗೆ ಓಡಿ "ನಳ ಬಂತ್ರೋ" ಎಂದು ಕೂಗಿಬಿಟ್ಟೆ. ಎದುರು ಮನೆಯ ನಾಯಿ ಮಾತ್ರ ಎದ್ದು ನಿಂತಿತು.

ನಗಬೇಡಿ. ಮೊದಲು ನಾನಿದ್ದ ವಾಡಿ ಊರಿನಲ್ಲಿ ಅದು ನನ್ನ ಹುದ್ದೆಯಾಗಿತ್ತು.

ಫ್ಯಾಕ್ಟರಿಯ ಗುತ್ತಿಗೆ ಕೆಲಸ ಹೋದ ಮೇಲೆ ನಾನು ಮಲಗುವುದರಲ್ಲಿ ಭಾರಿ ಪ್ರಗತಿ ಸಾಧಿಸಿದ್ದೆ. ಗೋಡೆಯ ಬಿರುಕುಗಳೆಲ್ಲ ನೆಂಟರಾಗಿದ್ದವು. ಗಡ್ಡ ಎಷ್ಟು ಬೆಳೆದಿತ್ತೆಂದರೆ ಸ್ಟೇಷನ್ನಿನಲ್ಲಿ ಒಬ್ಬ ಮುದುಕಿ ಕಾಲಿಗೆ ಬೀಳಲು ಬಂದಳು, ನಾನೂ ಬೇಡವೆನ್ನಲಿಲ್ಲ. ಓಣಿಯ ನಳ ಇದ್ದದ್ದು ನನ್ನ ಕಿಟಕಿಯ ಕೆಳಗೆ. ಅದು ಯಾವ ಹೊತ್ತಿಗೆ ಬರುತ್ತದೆಂದು ದೇವರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಭೀಮಬಾಯಿ ಕಾಕಿ ಒಂದು ದಿನ ಇಣುಕಿ, ಬಂದ ಕೂಡಲೇ ಕೂಗಿ ಹೇಳೆಂದಳು.

"ಹೆಂಗೂ ಖಾಲಿ ಮಲ್ಕೊಂಡಿ. ಕಿವಿಗೂ ರಜಾ ಕೊಟ್ಟೀ ಏನು?"

ಸಿಟ್ಟು ಬಂತು. ಆದರೂ ಮರುದಿನ ಕೂಗಿದೆ. ಓಣಿಯುದ್ದಕ್ಕೂ ಕೊಡಗಳು ಸದ್ದು ಮಾಡಿದವು. ನನ್ನ ಮಾತಿಗೆ ಅಷ್ಟು ಜನ ಓಡಿ ಬಂದದ್ದು ಅದೇ ಮೊದಲು. ಗಡ್ಡ ಬೋಳಿಸಿದೆ, ಅಧಿಕಾರಿಗೆ ಅದು ಶೋಭಿಸದು. ಒಮ್ಮೆ ಯಾರದೋ ಕುಕ್ಕರ್ ಉಸಿರು ಬಿಟ್ಟದ್ದಕ್ಕೇ ಕೂಗಿ, ಇಡೀ ಓಣಿಯನ್ನು ಒಣ ನಳದ ಮುಂದೆ ನಿಲ್ಲಿಸಿದ್ದೂ ಉಂಟು.

ಶಹಾಬಾದಿನ ಒಂದು ಕೆಲಸ ಕೈತಪ್ಪಿದ ಮರುದಿನ ಮಾತ್ರ, ನಳ ಕೆಮ್ಮಿದ್ದು ಕೇಳಿಯೂ ಏಳಲಿಲ್ಲ. ಚಾದರ ಮುಖದ ಮೇಲೆ ಎಳೆದುಕೊಂಡೆ. ನೀರು ಬಂದು ಹೋಯಿತು. ಕಾಕಿ ಖಾಲಿ ಕೊಡ ಹಿಡಿದೇ ಒಳಗೆ ಬಂದಳು. ಬೈಗುಳಕ್ಕೆ ತಯಾರಾಗಿದ್ದೆ. ಅವಳು ಪಕ್ಕದಲ್ಲಿ ಕುಳಿತು ಹಣೆ ಮುಟ್ಟಿ ನೋಡಿದಳು.

"ನೀರು ನಾಳಿ ಬರ್ತದ, ತಮ್ಮಾ. ನಿನ್ನ ದನಿ ಬರ್ಲಿಲ್ಲಂತ ನನ್ನ ಜೀವ ಝಲ್ ಅಂತು."

ಅಂದು ಓಣಿಯಲ್ಲಿ ನಳದ ನೀರಿಲ್ಲದೆ ಮುಖ ತೊಳೆದವನು ನಾನೊಬ್ಬನೇ.

ಈಗ ನನಗೆ ಕೆಲಸವಿದೆ, ಕೊರಳಲ್ಲಿ ಫೋಟೊ ಅಂಟಿಸಿದ ಕಾರ್ಡಿದೆ. ಒಂದು ದಿನ ಹೋಗದಿದ್ದರೆ ಗೇಟಿನ ಯಂತ್ರ ಗೈರುಹಾಜರಿ ಹಾಕುತ್ತದೆ, ಹಣೆ ಮುಟ್ಟುವುದಿಲ್ಲ. ಇಲ್ಲಿ ಮನೆಮನೆಗೂ ನೀರಿನ ಟಾಕಿ ಇರುವುದರಿಂದ ನನ್ನ ಕೂಗು ಯಾರಿಗೂ ಬೇಕಿಲ್ಲ. ಅಂಗಳದ ಈ ನಳ ನನಗೂ ಪಕ್ಕದ ಕೋಣೆಯ ಮಲ್ಲಣ್ಣನಿಗೂ ಮಾತ್ರ. ಅವನು ದುಡಿಯುತ್ತಿದ್ದ ಫರ್ಸಿ ಹಾಸುಗಲ್ಲಿನ ಗಣಿ ಮುಚ್ಚಿದಾಗಿನಿಂದ ಅವನ ಬಾಗಿಲು ಹಗಲಲ್ಲೂ ತೆರೆಯುತ್ತಿಲ್ಲ.

ಆಗಷ್ಟೇ ತುಂಬಿದ್ದ ಕೊಡವನ್ನು ಬೇವಿನ ಬುಡಕ್ಕೆ ಸುರಿದೆ. ಖಾಲಿ ಕೊಡ ಹಿಡಿದು ಅವನ ಬಾಗಿಲು ತಟ್ಟಿದೆ. ಗಡ್ಡದ ಮುಖವೊಂದು ಇಣುಕಿತು.

"ಮಲ್ಲಣ್ಣ, ನಾ ಡ್ಯೂಟಿಗಿ ಹೊಂಟೀನಿ. ಸಂಜೀಕ ನಳ ಬಂದ್ರ ಇದೊಂದು ತುಂಬಿಡ್ರಿ. ನಿಮ್ಮನ್ನ ಬಿಟ್ರ ನನಗ ಇಲ್ಲಿ ಯಾರೂ ಇಲ್ಲ."

ಕೊನೆಯ ಮಾತನ್ನು ತಮಾಷೆಗೆ ಹೇಳಿರಲಿಲ್ಲ.