ಅತ್ತಿಗೆಯ ಬಯಕೆಯೂ ಎರಡು ಬಗೆಯ ಅಣಬೆಯೂ

ಐವತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಚಾಮರಾಜಪೇಟೆಯಲ್ಲಿದ್ದೆವು. ಅತ್ತಿಗೆ ಚೊಚ್ಚಲ ಬಸುರಿ. ತಟ್ಟೆ ಮುಂದಿಟ್ಟರೆ ಸಾಕು, ಬಚ್ಚಲಿಗೆ ಓಡುತ್ತಿದ್ದಳು. ಬಯಕೆ ಏನೆಂದು ಅಜ್ಜಿ ಕೇಳಿ ಕೇಳಿ ಸೋತ ಮೇಲೆ ಬಾಯಿ ಬಿಟ್ಟಳು: "ಅಣಬೆ ತಿನ್ಬೇಕು ಅನ್ಸುತ್ತೆ ಅಜ್ಜಿ."

ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬುದು ಅಜ್ಜಿಯ ಗಟ್ಟಿ ನಂಬಿಕೆ. ಮರುದಿನವೇ ಅಣ್ಣನನ್ನು ನಗರ್ತಪೇಟೆಯ ಅಂಗಡಿಗೆ ಹೋಗಗೊಡದೆ, ಎನ್.ಆರ್. ಕಾಲೋನಿಯ ಆಚೆಗಿದ್ದ ಹೊಂಗೆ ತೋಪಿಗೆ ಅಟ್ಟಿದರು. ಒಳ್ಳೆಯ ಮಳೆಯಾಗಿತ್ತು. ಅಣ್ಣ ಟವೆಲ್ಲಿನ ತುಂಬ ಹುತ್ತದ ಅಣಬೆ ತಂದ. ಅಂಗೈಯಗಲದ ಕೊಡೆ, ನಡುವೆ ಮೊನೆ, ಹುತ್ತದೊಳಕ್ಕೆ ಇಳಿದಿದ್ದ ಬೇರಿನಂಥ ಉದ್ದನೆಯ ಕಾಲು. ಅಜ್ಜಿ ಒಂದೊಂದನ್ನೂ ತಿರುಗಿಸಿ ನೋಡಿ ಒಪ್ಪಿಕೊಂಡು, ಮಸಾಲೆ ಅರೆದು ಸಾರು ಮಾಡಿದರು. ಬೀದಿಗೆಲ್ಲ ಘಮಲು.

ಅತ್ತಿಗೆ ಒಂದು ಹೋಳು ಅಗಿದು ತಟ್ಟೆ ಸರಿಸಿದಳು. "ಇದಲ್ಲ ಅಜ್ಜಿ. ನಮ್ಮೂರಲ್ಲಿ ಅಕ್ಕಿ ಅಣಬೆ ಅಂತ ಬರುತ್ತೆ. ಚಿಕ್ ಚಿಕ್ದು."

"ಅಯ್ಯೋ, ಅದೂ ಇದೂ ಒಂದೇ ಕುಲ ಕಣೇ! ಎರಡಕ್ಕೂ ಗೆದ್ದಲೇ ತವರು."

"ನೀವೂ ನಿಮ್ ತಂಗೀನೂ ಒಂದೇ ತವರಿನೋರು. ಒಂದೇ ಥರ ಇದೀರಾ?"

ಅಜ್ಜಿಯೂ ಅವರ ತಂಗಿಯೂ ಮಾತು ಬಿಟ್ಟು ಆಗಲೇ ವರ್ಷಗಳಾಗಿದ್ದವು. ಅತ್ತಿಗೆಗೆ ಇನ್ನು ಬೈಗುಳವೇ ಎಂದುಕೊಂಡೆ. ಅಜ್ಜಿ ನಕ್ಕುಬಿಟ್ಟರು. "ಬಾಯಿ ನೋಡು ಇವಳ್ದು! ಹೋಗೋ, ಅದನ್ನೂ ಹುಡುಕ್ಕೊಂಡ್ ಬಂದ್ಬಿಡು."

ಅಣ್ಣನಿಗೆ ಅವು ಸಿಕ್ಕಿದ್ದು ಅದೇ ತೋಪಿನಲ್ಲಿ. ಹುತ್ತದ ಮೇಲಲ್ಲ, ಪಕ್ಕದ ನೆಲದಲ್ಲಿ, ಅಕ್ಕಿ ಚೆಲ್ಲಿದ ಹಾಗೆ ಬೆಳ್ಳಗೆ ಹರಡಿದ್ದವಂತೆ. ಕೊಡೆ ಉಗುರಿನಷ್ಟು, ಕಾಲು ದಾರದಷ್ಟು. ಅಣಬೆಗಿಂತ ಮಣ್ಣೇ ಹೆಚ್ಚು.

"ಇದನ್ನ ಹಸನು ಮಾಡೋಷ್ಟ್ರಲ್ಲಿ ಮಗು ಶಾಲೆಗೆ ಹೋಗ್ತಿರುತ್ತೆ" ಎಂದು ಗೊಣಗುತ್ತಲೇ ಅಜ್ಜಿ ಹಿತ್ತಲಿನ ಒಗೆಯುವ ಕಲ್ಲಿನ ಬಳಿ ಕೂತರು. ನಮ್ಮನ್ನು ಮುಟ್ಟಗೊಡಲಿಲ್ಲ, ಎಲ್ಲಿ ಹಿಸುಕಿಬಿಡುತ್ತೇವೋ ಎಂದು. ಮಧ್ಯಾಹ್ನವೆಲ್ಲ ನೀರು ಬದಲಿಸಿ ಬದಲಿಸಿ ತೊಳೆದದ್ದು ಬಾಣಲೆಯಲ್ಲಿ ಕುಗ್ಗಿ ಒಂದು ಬಟ್ಟಲಾಯಿತು. ದೊಡ್ಡದರ ಆ ಘಮಲು ಇದಕ್ಕಿಲ್ಲ; ಕಾಯಿತುರಿಯೊಂದಿಗೆ ಮೆತ್ತಗೆ, ಒಂದಿಷ್ಟು ಸಿಹಿ.

ಅತ್ತಿಗೆ ಎರಡು ತುತ್ತು ತಿಂದಳು. ನಾವೆಲ್ಲ ಅವಳ ಮುಖವನ್ನೇ ನೋಡುತ್ತಿದ್ದೆವು. ಬಚ್ಚಲಿಗೆ ಓಡಲಿಲ್ಲ. "ಸಾಕು ಅಜ್ಜಿ" ಎಂದು ಬೆರಳು ಚೀಪಿದಳು.

"ಸಾಕಾ? ಇಷ್ಟಕ್ಕೇನೇ ನನ್ ಸೊಂಟ ಮುರಿಸಿದ್ದು?" ಅಜ್ಜಿ ಬಟ್ಟಲನ್ನು ತಮ್ಮತ್ತ ಎಳೆದುಕೊಂಡರು. "ಬಿಸಾಡ್ಬಾರ್ದು ಅಂತ ತಿಂತಿದೀನಿ, ಅಷ್ಟೇ."

ಬಟ್ಟಲು ಖಾಲಿಯಾದ ಮೇಲೆ ಅಣ್ಣನ ಕಡೆ ತಿರುಗಿದರು.

"ಅಲ್ಲಿ ಇನ್ನೂ ಇತ್ತೇನೋ?"