ರುಚಿ ನೋಡದೆ ಬೇಯಿಸಿದ ಬ್ರೆಡ್ಡು

ನನ್ನ ಮನೆ ಒಡತಿ ಮಾಟಗಾತಿ ಅಂತ ನನಗೆ ಗೊತ್ತಾಗಿದ್ದು ಅವರ ಮೇಲ್ಮಹಡಿಯ ಕೋಣೆಗೆ ಬಾಡಿಗೆಗೆ ಬಂದು ಮೂರು ವಾರ ಆದಮೇಲೆ. ಅದನ್ನೂ ಅವರೇ ಹೇಳಿದರು, ಟೀಗೆ ಹಾಲು ಬೆರೆಸುತ್ತಾ, ನಾಳೆ ಕಸದ ಗಾಡಿ ಬರುತ್ತೆ ಅನ್ನೋಷ್ಟು ಸಲೀಸಾಗಿ. "ಹೆದರಬೇಡ, ನಾನು ಅಡುಗೆಮನೆ ಮಾಟಗಾತಿ ಅಷ್ಟೆ. ಬ್ರೆಡ್ಡು, ಸೂಪು, ಸೊಪ್ಪು ಸದೆ. ಯಾರಿಗೂ ಕೆಟ್ಟದ್ದು ಮಾಡೋಳಲ್ಲ."

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಓದೋಕೆ ಬಂದ ಹೊಸತು ಅದು. ಹೊಟ್ಟೆಯಲ್ಲಿ ಮಾತು ನಿಲ್ಲದ ಜಾತಿ ನಾನು, ತಕ್ಷಣ ದಾವಣಗೆರೆಗೆ ಫೋನ್ ಮಾಡಿ ಅಮ್ಮನಿಗೆ ಹೇಳಿಬಿಟ್ಟೆ. "ಮಾಟ ಮಾಡೋಳ ಮನೇಲಿದ್ದೀಯಾ? ಇವತ್ತೇ ಗಂಟುಮೂಟೆ ಕಟ್ಟು!" ಅಂತ ಅಮ್ಮ ಕೂಗಿಕೊಂಡಳು. ನನಗೆ ರೇಗಿತು. "ನೀನು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕ್ತೀಯಲ್ಲ, ಅದೇನು ಸೈನ್ಸಾ?" ಅಂದೆ. ಅಮ್ಮ ದನಿ ಇಳಿಸಿ, "ಆಯ್ತು, ಮೊಟ್ಟೆ ಬೇಯಿಸೋ ಪಾತ್ರೆ ಬೇರೆ ಇಟ್ಕೊಂಡಿದ್ದಾರಾ ಕೇಳು" ಅಂದಳು.

ಒಡತಿಗೆ ಅರವತ್ತೆಂಟು ವರ್ಷ. ಮೂವತ್ತು ವರ್ಷ ಒಂದು ಶಾಲೆಯ ಅಡುಗೆಮನೆ ನಡೆಸಿ ನಿವೃತ್ತರಾದವರು. ಐರ್ಲೆಂಡಿನ ಅಜ್ಜಿಯಿಂದ ಅವರಿಗೆ ಬಂದ ದೇವತೆ ಬ್ರಿಜಿಡ್, ಒಲೆಯ ಬೆಂಕಿ ಕಾಯುವವಳು. ಅವಳ ಹಬ್ಬ ಫೆಬ್ರವರಿ ಒಂದನೇ ತಾರೀಖು. ಆ ದಿನ ಓಟ್ಸು, ಜೇನು ಹಾಕಿ ಬ್ರೆಡ್ಡು ಮಾಡಬೇಕು. ಸೌಟನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು, ತಿರುಗಿಸುವಾಗ ಯಾರಿಗೆ ಒಳ್ಳೆಯದಾಗಬೇಕೋ ಅವರನ್ನು ನೆನೆಯಬೇಕು. "ಅಯ್ಯೋ, ಇದು ಪ್ರದಕ್ಷಿಣೆ!" ಅಂತ ನಾನು ಕುಣಿದಾಡಿದೆ. ಅಂದಿನಿಂದ ಸಂಜೆ ಟ್ರಾಮ್ ಇಳಿದವಳು ಕೋಟೂ ಬಿಚ್ಚದೆ ನೆಟ್ಟಗೆ ಅಡುಗೆಮನೆಗೆ ಹೋಗುತ್ತಿದ್ದೆ.

ಹಬ್ಬಕ್ಕೆ ಐದು ಜನ ಗೆಳತಿಯರು ಬರುತ್ತಾರೆ. ಒಣಹುಲ್ಲಿನಲ್ಲಿ ಕಟ್ಟಿದ ಬ್ರಿಜಿಡ್‌ಳ ಪುಟ್ಟ ಗೊಂಬೆ ಒಂದು ಬುಟ್ಟಿಯಲ್ಲಿ ಮಲಗಿರುತ್ತೆ. ಹಬ್ಬದ ಬ್ರೆಡ್ಡು ಯಾರು ಬೇಯಿಸುತ್ತಾರೋ ಅವರ ಮನೆಯಲ್ಲೇ ಆ ಬುಟ್ಟಿ ಇರಬೇಕು ಅನ್ನೋದು ಅವರ ಗುಂಪಿನ ಕಟ್ಟಲೆ. ಇಪ್ಪತ್ತು ವರ್ಷದಿಂದ ಅದು ಈ ಮನೆಯ ಕಿಟಕಿ ಬಿಟ್ಟು ಕದಲಿರಲಿಲ್ಲ.

ಆದರೆ ಕೋವಿಡ್ ಬಂದು ಹೋದಮೇಲೆ ಒಡತಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಡಾಕ್ಟರು ಕಾದು ನೋಡೋಣ ಅಂದಿದ್ದರು, ಕಾದದ್ದೇ ಬಂತು. ಹಿಂದಿನ ವರ್ಷದ ಹಬ್ಬದಲ್ಲಿ ಉಪ್ಪು ಹಾಕಿದೆನೋ ಇಲ್ಲವೋ ಅಂತ ಅನುಮಾನ ಬಂದು ಇನ್ನೊಂದು ಸಲ ಹಾಕಿಬಿಟ್ಟಿದ್ದರು. ಎಲ್ಲರೂ ಚೆನ್ನಾಗಿದೆ ಅಂದರಂತೆ. ಒಬ್ಬ ಗೆಳತಿ ಮಾತ್ರ ಬಾಯಲ್ಲಿದ್ದದ್ದನ್ನು ಮೆಲ್ಲಗೆ ಟಿಶ್ಯೂಗೆ ಉಗಿದದ್ದನ್ನು ಇವರು ನೋಡಿಬಿಟ್ಟರು. "ಈ ಸಲವೂ ಕೆಟ್ಟರೆ ಬುಟ್ಟಿ ನಾನೇ ಕೊಟ್ಟುಬಿಡ್ತೀನಿ" ಅಂದರು ನನ್ನ ಹತ್ತಿರ, ಕಪ್ಪು ತೊಳೆಯುತ್ತಾ, ಮುಖ ಆ ಕಡೆ ಮಾಡಿಕೊಂಡು.

ಆ ಟಿಶ್ಯೂ ಹೆಂಗಸಿನ ಮೇಲೆ ನನಗೆ ಎಂಥಾ ಸಿಟ್ಟು ಬಂತು ಅಂದರೆ! "ನಾನಿದ್ದೀನಲ್ಲ! ನನ್ನ ನಾಲಿಗೆ ಇದೆಯಲ್ಲ! ಉಪ್ಪು ನಾನು ನೋಡಿ ಹೇಳ್ತೀನಿ" ಅಂದೆ. ಅವರು ಒದ್ದೆ ಕೈಯಲ್ಲೇ ನನ್ನ ಕೆನ್ನೆ ಹಿಡಿದು, "ಹಾಗಾದರೆ ನೀನೇ ನನ್ನ ನಾಲಿಗೆ" ಅಂದರು.

ಹಬ್ಬದ ಬೆಳಿಗ್ಗೆ ಯಾರೂ ಹೇಳದಿದ್ದರೂ ನಾನು ತಲೆಗೆ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಕೆಳಗಿಳಿದೆ. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಜ್ಜಿಗೆಯಲ್ಲಿ ನೆನೆದ ಓಟ್ಸಿಗೆ ಹಿಟ್ಟು, ಸೋಡಾ, ಜೇನು ಬಿತ್ತು. ಒಡತಿ ಮಣ್ಣಿನ ಜಾಡಿಯಿಂದ ಉಪ್ಪನ್ನು ಅಂಗೈಗೆ ಸುರಿದುಕೊಂಡು, ಒಂದು ಸಲ ಕೈ ತೂಗಿದಂತೆ ಮಾಡಿ ಹಾಕಿದರು. ಹಿಂದೆ ನಾಲಿಗೆಯಾಗಿ ನಾನು ನಿಂತಿದ್ದೀನಲ್ಲ, ಅವರ ಕೈ ಅನುಮಾನ ಪಡಲೇ ಇಲ್ಲ. ಕಲಸಿ ಮುಗಿಸಿ, "ಚಿಟಿಕೆ ಬಾಯಿಗೆ ಹಾಕಿಕೊಂಡು ಹೇಳು" ಅಂತ ಓವನ್ ಕಡೆ ತಿರುಗಿದರು.

ಚಿಟಿಕೆ ಹಿಟ್ಟು ಬೆರಳಲ್ಲಿದೆ, ಕೈ ಮಾತ್ರ ಮೇಲೆ ಹೋಗ್ತಾ ಇಲ್ಲ! ಚಿಕ್ಕವಳಿದ್ದಾಗ ಗೌರಿ ಹಬ್ಬದ ದಿನ ಕೋಸಂಬರಿಯ ಒಂದೇ ಒಂದು ಬೇಳೆ ಬಾಯಿಗೆ ಹಾಕಿಕೊಂಡಿದ್ದಕ್ಕೆ ಅಮ್ಮ ಕೈ ಮೇಲೆ ಫಟ್ ಅಂತ ಕೊಟ್ಟಿದ್ದಳು. "ದೇವರಿಗೆ ಎಂಜಲು ಇಡ್ತೀಯೇನೇ?" ನೈವೇದ್ಯ ಆಗುವವರೆಗೆ ನಮ್ಮ ಮನೆಯಲ್ಲಿ ಯಾರೂ ರುಚಿ ನೋಡುವ ಹಾಗಿಲ್ಲ, ಮೂಸುವ ಹಾಗೂ ಇಲ್ಲ. ಇದೂ ದೇವಿಗೆ ಇಡೋದೇ ತಾನೆ? ಊರು ಬೇರೆ, ದೇವಿ ಬೇರೆ, ಆದರೂ ಕೈ ಕೇಳಬೇಕಲ್ಲ.

"ಸರಿಯಾಗಿದೆಯಾ?" ಅಂದರು ಒಡತಿ.

"ಸರಿಯಾಗಿದೆ" ಅಂದುಬಿಟ್ಟೆ. ಚಿಟಿಕೆ ಹಿಟ್ಟನ್ನು ಮೆಲ್ಲಗೆ ಸಿಂಕಿಗೆ ಒರೆಸಿದೆ.

ಬ್ರೆಡ್ಡು ಓವನ್‌ನಲ್ಲಿದ್ದಷ್ಟು ಹೊತ್ತೂ, ಎಂಥಾ ಕೆಲಸ ಮಾಡಿದೆಯೇ ಮಾರಾಯ್ತಿ, ನಂಬಿದವರಿಗೆ ಸುಳ್ಳು ಹೇಳಿದೆಯಲ್ಲ ಅಂತ ನನ್ನನ್ನು ನಾನೇ ಬೈದುಕೊಂಡೆ. ಹೇಳಿಬಿಡೋಣ ಅಂತ ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಅವರು ಹಾಡು ಗುನುಗುತ್ತಿದ್ದರು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು.

ಐದು ಜನರೂ ಬಂದರು, ಅವರಲ್ಲಿ ಆ ಟಿಶ್ಯೂ ಹೆಂಗಸೂ ಒಬ್ಬಳು. ಒಡತಿ ಬಿಸಿ ಬ್ರೆಡ್ಡು ಮುರಿದು, ಮೊದಲ ತುಂಡಿಗೆ ಬೆಣ್ಣೆ ಹಚ್ಚಿ, ಕಿಟಕಿಯಲ್ಲಿ ಬ್ರಿಜಿಡ್‌ಳ ಬುಟ್ಟಿಯ ಪಕ್ಕ ಇಟ್ಟರು. ಆಮೇಲೆ ಎಲ್ಲರಿಗೂ ಹಂಚಿದರು. ನಾನು ತಿನ್ನಲಿಲ್ಲ, ಆ ಹೆಂಗಸಿನ ಬಾಯನ್ನೇ ನೋಡುತ್ತಾ ನಿಂತೆ. ಅವಳು ಅಗಿದಳು, ನುಂಗಿದಳು, ಕೈ ಚಾಚಿ ಮೊದಲಿನದಕ್ಕಿಂತ ದೊಡ್ಡ ತುಂಡು ಎತ್ತಿಕೊಂಡಳು. "ಇದಪ್ಪಾ ನಿನ್ನ ಬ್ರೆಡ್ಡು!" ಅಂದಳು. ಆಗ ನಾನೂ ಬಾಯಿಗೆ ಹಾಕಿಕೊಂಡೆ. ಉಪ್ಪು ಹದವಾಗಿತ್ತು, ಅಂಥಾ ಹದ! ಕುಣಿಯೋದೊಂದು ಬಾಕಿ.

ಆದರೆ ಒಡತಿ ಬುಟ್ಟಿ ಎತ್ತಿಕೊಂಡು ಬಂದು ಅದೇ ಹೆಂಗಸಿನ ಮುಂದೆ ಹಿಡಿದರು. "ತಗೋ. ಇವತ್ತಿನದು ಈ ಹುಡುಗಿಯ ನಾಲಿಗೆ ಮಾಡಿದ ಬ್ರೆಡ್ಡು, ನನ್ನದಲ್ಲ. ಸೆಪ್ಟೆಂಬರಿಗೆ ಇವಳು ಹೊರಟುಹೋಗ್ತಾಳೆ. ಇನ್ನೊಬ್ಬರ ನಾಲಿಗೆ ಬೇಡಿಕೊಂಡು ಇದನ್ನ ಇಟ್ಟುಕೊಳ್ಳೋಕೆ ನನಗೆ ಮನಸ್ಸಿಲ್ಲ."

"ನಾನು ರುಚಿ ನೋಡಲೇ ಇಲ್ಲ!" ಅಂತ ಕಿರುಚಿದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಒಡತಿಯ ಮುಖ ಕೆಂಪಾಯಿತು. "ನನಗೆ ಸುಳ್ಳು ಹೇಳಿದೆಯಾ?"

"ಹೇಳಿದೆ, ತಪ್ಪಾಯ್ತು. ಆದರೆ ದೇವಿಗೆ ಇಡೋ ಮುಂಚೆ ಬಾಯಿಗೆ ಹಾಕೋಕೆ ನನ್ನ ಕೈಲಿ ಆಗಲಿಲ್ಲ. ನಮ್ಮ ಕಡೆ ಹಾಗೇ. ನಮ್ಮಮ್ಮ ಹಬ್ಬದ ದಿನ ನಲವತ್ತು ಜನಕ್ಕೆ ಬೇಯಿಸ್ತಾಳೆ, ಒಂದು ತೊಟ್ಟು ನಾಲಿಗೆಗೆ ಸೋಕಿಸಲ್ಲ, ಮೂಸಿ ಕೂಡ ನೋಡಲ್ಲ. ಉಪ್ಪೆಷ್ಟು ಅಂತ ಅವಳ ಕೈಗೆ ಗೊತ್ತು." ಉಸಿರು ತಗೊಳ್ಳದೆ ಹೇಳಿದೆ.

"ಹಾಗಾದರೆ ಇವತ್ತು ಉಪ್ಪು ನೋಡಿದ್ದು ಯಾರು?"

"ಯಾರೂ ನೋಡಲಿಲ್ಲ. ಹಾಕಿದ್ದು ನೀವು!"

ಒಡತಿ ಬುಟ್ಟಿಯನ್ನು ಎಡಗೈಗೆ ಬದಲಾಯಿಸಿಕೊಂಡು ತಮ್ಮ ಬಲಗೈಯನ್ನು ನೋಡಿಕೊಂಡರು. ಟಿಶ್ಯೂ ಹೆಂಗಸು ಎದ್ದು ಬಂದು, ಬುಟ್ಟಿಯನ್ನು ಅವರ ಕೈಯಿಂದ ತೆಗೆದು ಮತ್ತೆ ಕಿಟಕಿಯಲ್ಲಿಟ್ಟಳು. ಅವಳ ಮೇಲಿದ್ದ ನನ್ನ ಸಿಟ್ಟೆಲ್ಲಾ ಅಲ್ಲಿಗೇ ಇಳಿಯಿತು.

ಬ್ರೆಡ್ಡು ಚೂರೂ ಉಳಿಯದೆ ಖಾಲಿಯಾಗಿತ್ತು. ಇನ್ನೊಂದು ಬೇಕೇ ಬೇಕು ಅಂತ ಐದು ಜನರೂ ಹಟ ಹಿಡಿದರು. ಒಡತಿ ಕಣ್ಣೊರೆಸಿಕೊಂಡು ಅಂಗಿಯ ತೋಳು ಮಡಿಸಿದರು, ಉಪ್ಪನ್ನು ಅಂಗೈಗೆ ಸುರಿದುಕೊಂಡರು, ತೂಗಿದರು, ಹಾಕಿದರು. ದೇವಿಗೆ ಆಗಲೇ ಇಟ್ಟಾಗಿದೆಯಲ್ಲ, ಇದನ್ನಾದರೂ ನೋಡೋಣ ಅಂತ ನಾನು ಹಿಟ್ಟಿಗೆ ಬೆರಳು ಚಾಚಿದೆ.

ಕೈ ಮೇಲೆ ಫಟ್ ಅಂತ ಒಂದು ಬಿತ್ತು.

ಕಿಟಕಿಯ ಬುಟ್ಟಿ ತೋರಿಸಿ, "ಮೊದಲು ಅವಳಿಗೆ" ಅಂದರು ಒಡತಿ.