ಮಾರಿಯಮ್ಮನ ಅರ್ಧ ಬ್ಲೇಡು

ಅರ್ಧಕ್ಕೆ ಮುರಿದ ಬ್ಲೇಡು ದಾರದ ಕೆಳಗೆ ನುಗ್ಗುತ್ತದೆ, ತುಸು ಮೇಲೇಳುತ್ತದೆ. ಹೊಲಿಗೆ ಟಪ್ಪೆಂದು ಕಡಿಯುತ್ತದೆ.

"ಬಟ್ಟೆ ಕುಯ್ಬ್ಯಾಡ ಕಣ್ಣಮ್ಮಾ. ದಾರ ಮಾತ್ರ," ಎನ್ನುತ್ತಾರೆ ಟೈಲರ್ ಮಾರಿಯಮ್ಮ.

ನವ್ಯ ತಲೆ ಎತ್ತುವುದಿಲ್ಲ. ವಯಸ್ಸು ಹತ್ತೊಂಬತ್ತು. ತೊಡೆಯ ಮೇಲೆ ಮೆರೂನ್ ಬಣ್ಣದ ರೇಷ್ಮೆ ರವಿಕೆ, ಅಕ್ಕ ರಾಧಳ ಮದುವೆಯದು. ಹೆರಿಗೆಯಾದ ಮರುದಿನವೇ ರಾಧ ತೀರಿಕೊಂಡಳು. ಮಗು ಉಳಿಯಿತು. ಕೋಲಾರ ಚಿನ್ನದ ಗಣಿಯ ಉರಿಗಾಂನಲ್ಲಿ, ಕಾರ್ಮಿಕರ ಲೈನ್ ಮನೆಗಳ ಮೇಲೆ ಈಗಷ್ಟೇ ಬಿಸಿಲು ಬೀಳುತ್ತಿದೆ. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಅವಳನ್ನು ಕರೆತಂದ ಅಜ್ಜಿ ಅಕ್ಕಯ್ಯಮ್ಮ ಹೊಸ್ತಿಲ ಬಳಿ ಕೂತಿದ್ದಾರೆ.

"ಸೊಂಟ, ತೋಳು ಒಸಿ ಇಡಿದ್ರೆ ಆಯ್ತು. ಬರೋ ಗುರುವಾರಕ್ಕೆ ಬೇಕು."

"ಏನಜ್ಜಿ ಅವಸರ?"

"ಮಗೀಗೆ ಒಂದು ತಾಯಿ ಬ್ಯಾಡ್ವಾ? ಒರಗಿನವಳು ಬಂದ್ರೆ ಅದರ ಗತಿ ಏನು? ರಾಧನ ಗಂಡಂಗೆ ಇವಳ್ನೇ ಕೊಡ್ತಾ ಇದೀವಿ. ಗುಡೀಲಿ ತಾಳಿ, ಅಷ್ಟೇ."

ಮೆಷಿನ್ನಿನ ಮೇಲಿದ್ದ ಮಾರಿಯಮ್ಮನ ಕಾಲು ನಿಲ್ಲುತ್ತದೆ. ಚಕ್ರ ಮಾತ್ರ ಇನ್ನೂ ಸ್ವಲ್ಪ ಹೊತ್ತು ತಿರುಗುತ್ತದೆ.

ಮಾರಿಯಮ್ಮನ ಅಪ್ಪ ಇಲ್ಲಿನದೇ ಗಣಿ ಮೈಸೂರು ಮೈನ್ಸ್‌ನಲ್ಲಿ ನೆಲದಡಿ ದುಡಿದವರು. ಲೈನ್ ಮನೆಯ ಮುಂದಿನ ಕೋಣೆಯೇ ಈಗ ಅಂಗಡಿ. ದಿನವಿಡೀ ಯೂನಿಫಾರಂ, ರವಿಕೆ, ಸೀರೆಗೆ ಫಾಲ್ಸ್. ಇದರ ನಡುವೆ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಕೆಲಸ ಬರುತ್ತದೆ: ಸತ್ತ ಅಣ್ಣನ ಪ್ಯಾಂಟು, ಸತ್ತ ಅಕ್ಕನ ಚೂಡಿದಾರ. ಕಿರಿಯರ ಅಳತೆಗೆ ಇಳಿಸಿಕೊಡಬೇಕು. ಮಾರಿಯಮ್ಮನದು ಒಂದೇ ಷರತ್ತು. ತೊಡಬೇಕಾದವರೇ ಬರಬೇಕು, ಹಳೆಯ ಹೊಲಿಗೆಯನ್ನು ತಾವೇ ಬಿಚ್ಚಬೇಕು.

"ಕೈಗೆ ಕೆಲಸ ಇದ್ರೆ ಮುಖ ನೋಡೋ ಅಂಗಿಲ್ಲ. ಮುಖ ನೋಡ್ದಿದ್ರೆ ಮಾತು ಬತ್ತದೆ. ಕೊನೇಗೆ ಬ್ಯಾಡ ಅಂದ್ರೆ ಮೊದ್ಲಿದ್ದಂಗೇ ಒಲ್ದು ಮಡಚಿ ಕೊಡ್ತೀನಿ."

ಷರತ್ತಿನ ಹಿಂದೆ ಒಂದು ಶರ್ಟಿದೆ. "ನಮ್ಮಣ್ಣ ಕುಪ್ಪುಸ್ವಾಮಿ ಲಾರಿಗೆ ಸಿಕ್ಕಿ ಸತ್ತೋದ. ನಾನಿನ್ನೂ ಸ್ಕೂಲು. ಬಂದೋರೆಲ್ಲ 'ಅಮ್ಮನ್ನ ನೋಡ್ಕೊಮ್ಮಾ' ಅಂದ್ರು. ನಂಗೆಂಗಾಗ್ತದೆ ಅಂತ ಒಬ್ರೂ ಕೇಳ್ಲಿಲ್ಲ. ಅವನ ಶರ್ಟು ಕತ್ತರ್ಸಿ ನಂಗೆ ಜಾಕೀಟು ಒಲ್ಸಿದ್ರು. ತೊಟ್ಕೊಂಡು ಸ್ಕೂಲಿಗೋದೆ. ಬಗಲಲ್ಲಿ ಅವನದೇ ಬೆವರ ವಾಸ್ನೆ."

ಆದ್ದರಿಂದ ಈ ಕೋಣೆಯಲ್ಲಿ ಯಾರೂ ಯಾರಿಗೂ 'ಅಮ್ಮನ್ನ ನೋಡ್ಕೋ' ಎನ್ನುವುದಿಲ್ಲ. ಒಡಹುಟ್ಟಿದವರನ್ನು ಕಳೆದುಕೊಂಡ ಕೆಲವರು ಹೊಲಿಯಲು ಏನೂ ಇಲ್ಲದಿದ್ದರೂ ಭಾನುವಾರ ಬಂದು ಕೂರುತ್ತಾರೆ, ಗುಂಡಿ ಹಚ್ಚುತ್ತಾರೆ, ಟೀ ಕುಡಿದು ಹೋಗುತ್ತಾರೆ. "ಒಲ್ಗೆ ಕ್ಲಾಸಾ ಅಂತ ಬೀದಿಯೋರು ಕೇಳ್ತಾರೆ. ಊಂ ಅಂತೀನಿ."

ನವ್ಯಳಿಗೂ ಅವರು ಎಲ್ಲರಿಗೂ ಕೇಳುವುದನ್ನೇ ಕೇಳುತ್ತಾರೆ: "ನಿಮ್ಮಕ್ಕ ನಿನ್ನ ಏನಂತ ಬಯ್ತಿದ್ಲು?"

ನವ್ಯ ಇನ್ನೊಂದು ಹೊಲಿಗೆ ಕಡಿಯುತ್ತಾಳೆ. "ಕೋತಿ."

"ಸರಿಯಾಗೇ ಏಳವ್ಳೆ."

ನವ್ಯ ಕಿಸಕ್ಕನೆ ನಗುತ್ತಾಳೆ. ಬ್ಲೇಡು ಬಗಲ ಹೊಲಿಗೆಗೆ ಬರುತ್ತದೆ. ಅಲ್ಲಿರುವುದು ಮೆಷಿನ್ ಹೊಲಿಗೆಯಲ್ಲ, ಸೊಟ್ಟಂಪಟ್ಟ ಕೈಹೊಲಿಗೆ. ಅವಳ ಕೈ ನಿಲ್ಲುತ್ತದೆ.

"ಇದು ನಾನೇ ಒಲ್ದಿದ್ದು. ಸೀಮಂತದ ದಿನ ಬಿಗಿ ಆಗಿತ್ತು, ಸಡ್ಲ ಮಾಡ್ದೆ. ಉಸ್ರು ಎಳ್ಕೊಳೇ ಅಂದೆ. ಎಳ್ಕೊಂಡ್ರೆ ನಿನ್ನ ಒಲ್ಗೆ ಅರ್ದೋಗ್ತದೆ ಕೋತಿ ಅಂದ್ಲು." ಕಡಿದ ದಾರದ ತುಂಡನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. "ಅವಳು ಸತ್ತೋದ ದಿನ ನಂಗೆ ಅಳಾಕೂ ಬಿಡ್ಲಿಲ್ಲ ಆಂಟಿ. ಮಗೀನ ತಂದು ಕೈಗೆ ಕೊಟ್ರು."

ಅಕ್ಕಯ್ಯಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ. "ನಂಗೇನು ಸಂತೋಸವಾ? ಅವಳೂ ನನ್ನ ಮೊಮ್ಮಗಳೇ. ಬೇಗ ಅಳತೆ ತಗೋ ಮಾರಿಯಮ್ಮ."

"ಇವಳು ಊಂ ಅಂದ್ರೆ ತಗೋತೀನಜ್ಜಿ."

"ನೀನು ಟೈಲರಮ್ಮನಾ, ಜಡ್ಜಮ್ಮನಾ?"

ಟೇಪು ಮಾರಿಯಮ್ಮನ ಕೊರಳಲ್ಲೇ ಜೋತಾಡುತ್ತದೆ. ಅಕ್ಕಯ್ಯಮ್ಮ ತಾವೇ ಎದ್ದು ಬಂದು, ಬಿಚ್ಚಿದ ರವಿಕೆಯನ್ನು ಮೊಮ್ಮಗಳ ಎದೆಗೆ ಹಿಡಿಯುತ್ತಾರೆ.

"ನೋಡು, ಒಪ್ತದೆ. ಅಕ್ಕನ ಮನೆ, ಅಕ್ಕನ ಒಡವೆ, ಎಲ್ಲಾ ನಿಂಗೇ ಕಣೇ. ಏಳು, ಕೈ ಎತ್ತು."

ನವ್ಯ ಏಳುತ್ತಾಳೆ. ಬ್ಲೇಡನ್ನು ಮೆಷಿನ್ನಿನ ಮೇಲಿಡುತ್ತಾಳೆ. ಕೈ ಎತ್ತುವುದಿಲ್ಲ.

"ಮಗೀನ ಸಾಕ್ತೀನಜ್ಜಿ. ಇದನ್ನ ತೊಡಲ್ಲ."